ದಾನದ ಹಣ ಹೆಪ್ಪಿನಷ್ಟಿರಲಿ

(ದೇವಸುಗೂರಿನಲ್ಲಿ ಜರುಗಿದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪ್ರತಿ ಸಲ ತಮ್ಮೆದುರು ನಿಂತಾಗ ನಾನು ಕೆಚ್ಚಲು ಬಾವಿನ ಬಗ್ಗೆ, ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ, ಖನಿಜ ಮಿಶ್ರಣದ ಬಗ್ಗೆ ಮಾತನಾಡುತ್ತಿದ್ದೆ. ಇಂದು ವಿಷಯ ಬೇರೆ. ಇಂದು ಹಣದ ಬಗ್ಗೆ ಮಾತನಾಡುತ್ತೇನೆ. ಅದೂ ನಾವು ದುಡಿದ ಹಣವಲ್ಲ, ಬೇರೆಯವರು ಕೊಡುವ ಹಣ. ಪಶುವೈದ್ಯನಿಗೆ ಇದು ಏಕೆ ಬೇಕಾಯಿತು ಎಂದು ತಾವು ಕೇಳಬಹುದು. ಕಾರಣ ಹೇಳುತ್ತೇನೆ.

ಕಳೆದ ತಿಂಗಳು ಹೊಳೆಯ ಈಚೆಗಿನ ಒಂದು ಮಹಿಳಾ ಸಂಘಕ್ಕೆ ಹೋಗಿದ್ದೆ. ಒಂದು ಎಮ್ಮೆಗೆ ಗರ್ಭ ಪರೀಕ್ಷೆ ಮಾಡಿ ಕೈ ತೊಳೆಯುತ್ತಿರುವಾಗ ಆ ಸಂಘದ ಅಧ್ಯಕ್ಷೆಯಾದ ತಾಯಿ ಕೇಳಿದರು: "ಡಾಕ್ಟರ್ ಸಾಹೇಬ್ರ, ಕಂಪನಿಯವ್ರು ಬಂದಿದ್ರು. ಇಪ್ಪತ್ತು ಆಕಳ ಪುಕ್ಕಟಿ ಕೊಡ್ತೀವಿ, ಕಾಗದಕ್ಕ ಸಹಿ ಮಾಡ್ರಿ ಅಂತಾರ. ಮಾಡೂಣೋ, ಬ್ಯಾಡೋ?"

ನಾನು ಹೇಳಿದೆ: "ಯವ್ವಾ, ಆಕಳ ಬಗ್ಗೆ ಕೇಳಿದ್ರ ಈಗ ಹೇಳ್ತೀನಿ. ಕಾಗದದ ಬಗ್ಗೆ ನನಗೇನ್ ಗೊತ್ತಾಗ್ತದ?"

ಆ ತಾಯಿ ನಕ್ಕು, "ಆಕಳ ಬ್ಯಾರೆ, ಕಾಗದ ಬ್ಯಾರೆ ಏನ್ರಿ?" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಮನೆಗೂ ದಾನ ಬಂದಿತ್ತು

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹೊರಗಿನ ನೆರವು ಎಂದರೆ ಮೂಗು ಮುರಿಯುವ ಹಕ್ಕು ನಮಗಿಲ್ಲ. ನಮ್ಮ ಸಹಕಾರಿ ಹೈನುಗಾರಿಕೆ ಬೆಳೆದದ್ದರಲ್ಲಿ ದಾನದ ಪಾಲೂ ಇದೆ.

ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. ಅದೇ ಮುಂದೆ ಅಮುಲ್ ಆಯಿತು. ಆ ಸಂಘ ಹಾಲಿನ ಪುಡಿ ಮಾಡುವ ಕಾರ್ಖಾನೆ ಹಾಕಲು ಹೊರಟಾಗ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಸುಮಾರು 8 ಲಕ್ಷ ರೂಪಾಯಿ ಬೆಲೆಯ ಯಂತ್ರಗಳನ್ನು ಕೊಟ್ಟಿತು. ಪುಕ್ಕಟೆಯಾಗಿ ಅಲ್ಲ. ಸಂಘವು 12 ಲಕ್ಷ ರೂಪಾಯಿ ಬೆಲೆಯ ಹಾಲನ್ನು ಬಡ ಮಕ್ಕಳಿಗೆ ಉಚಿತವಾಗಿ ಹಂಚಬೇಕು ಎಂಬುದು ಕರಾರು. ಆ ಕಾರ್ಖಾನೆಯನ್ನು 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಯಂತ್ರ ಹೊರಗಿನಿಂದ ಬಂತು, ಆದರೆ ಕಾರ್ಖಾನೆಯ ಒಡೆತನ ರೈತರ ಕೈಯಲ್ಲೇ ಉಳಿಯಿತು. ಪಡೆದದ್ದಕ್ಕಿಂತ ಹೆಚ್ಚು ಬೆಲೆಯದ್ದನ್ನು ಅವರು ಹಾಲಿನ ರೂಪದಲ್ಲಿ ಮಕ್ಕಳಿಗೆ ತಿರುಗಿ ಕೊಟ್ಟರು. ಹಾಗಾಗಿ ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಲಿಲ್ಲ.

ಎರಡನೆಯ ಉದಾಹರಣೆ ಕ್ಷೀರಧಾರೆ ಯೋಜನೆ, ಅಂದರೆ ಆಪರೇಷನ್ ಫ್ಲಡ್. 1970ರಲ್ಲಿ ಅದು ಶುರುವಾದಾಗ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಹಾಲಿನ ಪುಡಿ, 42,000 ಟನ್ ಬೆಣ್ಣೆ ಎಣ್ಣೆ ಭಾರತಕ್ಕೆ ದಾನವಾಗಿ ಬರುವುದೆಂದು ಗೊತ್ತಾಗಿತ್ತು. ಯೂರೋಪಿನಲ್ಲಿ ಹಾಲು ಹೆಚ್ಚಾಗಿ ಗುಡ್ಡೆ ಬಿದ್ದಿತ್ತು. ಆ ಪುಡಿಯನ್ನು ನಮ್ಮ ಪೇಟೆಯಲ್ಲಿ ಅಗ್ಗದ ದರಕ್ಕೆ ಸುರಿದಿದ್ದರೆ ನಮ್ಮ ರೈತನ ಹಾಲು ಕೇಳುವವರೇ ಇರುತ್ತಿರಲಿಲ್ಲ. ದಾನವೇ ನಮ್ಮ ಕೊಟ್ಟಿಗೆಗೆ ಕೊಡಲಿಯಾಗುತ್ತಿತ್ತು. ಡಾ. ವರ್ಗೀಸ್ ಕುರಿಯನ್ ಅವರು ಹಾಗೆ ಆಗಗೊಡಲಿಲ್ಲ. ಆ ಪುಡಿಯಿಂದ ಮಾಡಿದ ಹಾಲನ್ನು ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸು ಡೈರಿಗಳ ಮೂಲಕ ರೈತನ ಹಾಲಿನ ದರ ಕೆಡದಂತೆ ಮಾರಿ, ಬಂದ ಹಣವನ್ನು ಶೀತಲೀಕರಣ ಕೇಂದ್ರ, ಪಶು ಆಹಾರ ಘಟಕ, ಹಳ್ಳಿ ಸಂಘಗಳಿಗೆ ತೊಡಗಿಸಿದರು. ಒಂದು ಸಲ ತಿಂದು ಮುಗಿಯಬಹುದಾಗಿದ್ದ ದಾನವನ್ನು ಬಂಡವಾಳವನ್ನಾಗಿ ಮಾಡಿದರು.

ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಅದು ದಾನವಲ್ಲ, ಸಾಲ. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಇಂದು ತಾವು ಬೆಳಿಗ್ಗೆ ಎದ್ದು ಕ್ಯಾನಿಗೆ ಸುರಿಯುವ ಹಾಲಿನ ಹಿಂದೆ ಇಷ್ಟೆಲ್ಲ ಕಥೆ ಇದೆ.

ಹೆಪ್ಪಿನ ಲೆಕ್ಕ

ತಾಯಂದಿರೆ, ಒಂದು ಗಡಿಗೆ ಹಾಲಿಗೆ ತಾವು ಎಷ್ಟು ಹೆಪ್ಪು ಹಾಕುತ್ತೀರಿ? ಒಂದು ಚಮಚ. ಹೆಪ್ಪು ಇಲ್ಲದಿದ್ದರೆ ಹಾಲು ಕೆಡುತ್ತದೆಯೇ ಹೊರತು ಮೊಸರಾಗುವುದಿಲ್ಲ. ಹೆಪ್ಪು ಬಹಳವಾದರೆ ಮೊಸರು ಹುಳಿ ಬರುತ್ತದೆ. ಇನ್ನೂ ಒಂದು ಮಾತು: ಗಡಿಗೆಯಲ್ಲಿ ಹಾಲೇ ಇಲ್ಲದಿದ್ದರೆ ಎಷ್ಟು ಹೆಪ್ಪು ಹಾಕಿದರೂ ಉಪಯೋಗವಿಲ್ಲ. ಹೊರಗಿನ ಹಣವೂ ಹಾಗೆಯೇ. ಗಡಿಗೆಯ ಹಾಲು ಎಂದರೆ ತಮ್ಮ ಸಂಘ, ತಮ್ಮ ಉಳಿತಾಯ, ತಮ್ಮ ಒಗ್ಗಟ್ಟು.

ಇದು ಬರೀ ಉಪಮಾನವಲ್ಲ, ನಮ್ಮ ರಾಜ್ಯದಲ್ಲೇ ನಡೆದದ್ದು. 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆ 1980ರ ದಶಕದ ಮಧ್ಯಭಾಗದಲ್ಲಿ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. ಅವುಗಳಲ್ಲಿ ಹಲವು ಒಡೆದವು. ದೊಡ್ಡವರ ಮಾತೇ ನಡೆಯುತ್ತಿತ್ತು, ಬಡವರಿಗೆ ಬಾಯಿ ಇರಲಿಲ್ಲ. ಆಗ ಪರಸ್ಪರ ನಂಬಿಕೆ ಇದ್ದ ಹದಿನೈದು ಇಪ್ಪತ್ತು ಜನ ತಾವೇ ಬೇರೆ ಕೂತು, ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳತೊಡಗಿದರು. ಸಂಸ್ಥೆ ಅದನ್ನು ಸೋಲು ಎಂದುಕೊಳ್ಳದೆ ಅವರಿಂದಲೇ ಪಾಠ ಕಲಿಯಿತು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿಗಳ ಅನುದಾನ ಕೊಟ್ಟಿತು. ಅದನ್ನು ಸಂಘಗಳ ಸ್ವಂತ ಉಳಿತಾಯಕ್ಕೆ ಜೊತೆಯಾಗಿ ಹಾಕಲು ಮತ್ತು ಸದಸ್ಯರ ತರಬೇತಿಗೆ ಬಳಸಲಾಯಿತು. ಅಂದರೆ ಹಾಲಿದ್ದ ಗಡಿಗೆಗೆ ಹೆಪ್ಪು. ಆ ಅನುಭವದ ಮೇಲೆ 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಪ್ರಾರಂಭಿಸಿತು. ಇಂದು ದೇಶದ ಉದ್ದಗಲಕ್ಕೂ ಇರುವ ಸ್ವಸಹಾಯ ಸಂಘಗಳ ಬೇರಿನಲ್ಲಿ ಆ ಸಣ್ಣ ಹಣವೂ ಇದೆ.

ನಮ್ಮ ಜಿಲ್ಲೆಗೆ ಬರೋಣ. ದೇವದುರ್ಗ ತಾಲ್ಲೂಕಿನಲ್ಲಿ 1986ರಲ್ಲಿ ಹುಟ್ಟಿದ ಸಮೂಹ ಸಂಸ್ಥೆ ಕೆಲಸ ಮಾಡಿದ್ದನ್ನು ಆ ಭಾಗದವರು ಬಲ್ಲರು. ಮಾನ್ವಿ ತಾಲ್ಲೂಕಿನ ಪೋತ್ನಾಳದ ಕಡೆ 1999ರಲ್ಲಿ ದಲಿತ ಕೂಲಿ ಹೆಣ್ಣುಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡರು. ಕೂಲಿಗೆ ಹೋಗುತ್ತಿದ್ದ ಮಕ್ಕಳಿಗಾಗಿ ಚಿಲಿಪಿಲಿ ಶಾಲೆ, ಮಣ್ಣಿನ ಆಭರಣ, ಬೇವಿನ ಉತ್ಪನ್ನ ಇವೆಲ್ಲ ಅವರ ಕೆಲಸ. ಆದರೆ ಇಂತಹ ಸಂಘಟನೆಗಳಲ್ಲಿ ಹೆಚ್ಚು ಬೆಲೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ. ದಿನಗೂಲಿ ಸರಿಯಾಗಿ ಸಿಗಬೇಕೆಂದು ಕೇಳುವ ಧೈರ್ಯ, ಕಚೇರಿಯ ಬಾಗಿಲಲ್ಲಿ ನಿಂತು ಅರ್ಜಿಗೆ ರಸೀದಿ ಪಡೆಯುವ ಅಭ್ಯಾಸ, ರಾತ್ರಿ ಸಭೆ, ಬಸ್ ಚಾರ್ಜು, ಲೆಕ್ಕ ಬರೆಯುವವರ ಸಂಬಳ. ಇವುಗಳ ಫೋಟೋ ತೆಗೆಯಲು ಬರುವುದಿಲ್ಲ. ಕೊಡುವವರು ಕಟ್ಟಡ ಕೊಡುತ್ತಾರೆ, ಹೊಲಿಗೆ ಯಂತ್ರ ಕೊಡುತ್ತಾರೆ, ಆಕಳು ಕೊಡುತ್ತಾರೆ. ಬಸ್ ಚಾರ್ಜು ಕೊಡುವವರು ಕಡಿಮೆ. ಆದರೆ ಸಂಘ ಬದುಕುವುದು ಆ ಬಸ್ ಚಾರ್ಜಿನ ಮೇಲೆ.

ನಾನು ಕಂಡ ಇಪ್ಪತ್ತು ಆಕಳು

ಈಗ ನನ್ನ ಕಣ್ಣೆದುರು ನಡೆದ ಒಂದು ಪ್ರಸಂಗ ಹೇಳುತ್ತೇನೆ. ಊರ ಹೆಸರು ಬೇಡ, ಕೊಟ್ಟವರ ಹೆಸರೂ ಬೇಡ. ಅವರ ಮನಸ್ಸು ಒಳ್ಳೆಯದೇ ಇತ್ತು.

ಸುಮಾರು ಹನ್ನೆರಡು ವರ್ಷಗಳ ಹಿಂದೆ ಒಂದು ಊರಿನ ಮಹಿಳಾ ಗುಂಪಿಗೆ ಇಪ್ಪತ್ತು ಎಚ್.ಎಫ್. ಮಿಶ್ರತಳಿ ಆಕಳುಗಳನ್ನು ಉಚಿತವಾಗಿ ಕೊಟ್ಟರು. ಮಾರ್ಚ್ ತಿಂಗಳು. ಶಾಮಿಯಾನ ಹಾಕಿದ್ದರು, ಆಕಳುಗಳ ಕೊರಳಿಗೆ ಹಾರ ಹಾಕಿದ್ದರು. ನಾನೇ ಆರೋಗ್ಯ ಪತ್ರಗಳಿಗೆ ಸಹಿ ಮಾಡಿದೆ. ಆಕಳುಗಳಲ್ಲಿ ದೋಷವಿರಲಿಲ್ಲ. ಬೇರೆ ಯಾವುದನ್ನೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ದಿನಕ್ಕೆ ಎಂಟು ಲೀಟರ್ ಹಾಲು ಕೊಡುವ ಮಿಶ್ರತಳಿ ಆಕಳಿಗೆ ಏನು ಬೇಕು? ಶರೀರ ಪೋಷಣೆಗೆ ಒಂದೂವರೆ ಕಿಲೋ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋದಂತೆ, ಒಟ್ಟು ನಾಲ್ಕೂವರೆಯಿಂದ ಐದು ಕಿಲೋ ಪಶು ಆಹಾರ. 20ರಿಂದ 25 ಕಿಲೋ ಹಸಿ ಮೇವು. ಐದಾರು ಕಿಲೋ ಕಣಕಿ ಅಥವಾ ಭತ್ತದ ಹುಲ್ಲು. ನಮ್ಮ ಬೇಸಿಗೆಯಲ್ಲಿ 80 ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು, ಅಂದರೆ ಐದಾರು ಕೊಡ. ಮೈಮೇಲೆ ಎರಚಲು ಬೇರೆ. ಆ ಊರಲ್ಲಿ ಕುಡಿಯುವ ನೀರಿಗೇ ಬೋರಿನ ಮುಂದೆ ಸರತಿ. ಆಕಳು ಪಡೆದವರಲ್ಲಿ ಹೆಚ್ಚಿನವರಿಗೆ ಹೊಲವಿಲ್ಲ, ಹಸಿ ಮೇವು ಎಲ್ಲಿಂದ ತರುವುದು? ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತು. ಆಕಳುಗಳು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದವು. ಹಾಲು ಇಳಿಯಿತು. ಗುಂಪಿನ ಉಳಿತಾಯದ ಹಣವೆಲ್ಲ ಹಿಂಡಿಗೆ ಹೋಯಿತು. ಎರಡು ಸತ್ತವು. ಒಂದರ ಕಿವಿಯೋಲೆ ಉದುರಿ ಹೋಗಿದ್ದರಿಂದ ವಿಮೆಯ ಹಣ ಬರಲಿಲ್ಲ. ಉಳಿದವರಲ್ಲಿ ಕೆಲವರು ಆಕಳು ಮಾರಿ ಗುಳೆ ಹೋದರು. ಮರು ವರ್ಷದ ಯುಗಾದಿಗೆ ಊರಲ್ಲಿ ಉಳಿದದ್ದು ಏಳು ಆಕಳು.

ಆಕಳು ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಗುಂಪಿನಲ್ಲಿ ಮೂವತ್ತೆರಡು ಜನ ಇದ್ದರು, ಬಂದದ್ದು ಇಪ್ಪತ್ತು ಆಕಳು. ಯಾರಿಗೆ ಕೊಡಬೇಕೆಂಬ ಪಟ್ಟಿಯನ್ನು ಗುಂಪಿನ ಸಭೆಯಲ್ಲಿ ಮಾಡಲಿಲ್ಲ, ಹೊರಗಿನವರು ಮಾಡಿದರು. ಸಿಕ್ಕವರು, ಸಿಗದವರು ಎಂದು ಎರಡು ಪಂಗಡವಾಯಿತು. ಆರು ವರ್ಷ ವಾರಕ್ಕೊಮ್ಮೆ ತಪ್ಪದೆ ಕೂಡುತ್ತಿದ್ದ ಆ ಹೆಣ್ಣುಮಕ್ಕಳು ಇಂದಿಗೂ ಒಟ್ಟಿಗೆ ಕೂತಿಲ್ಲ. ಮಾತು ಬಿಟ್ಟ ಗೆಳತಿಯರನ್ನು ಕೂಡಿಸಲು ನನ್ನ ಬಳಿ ಔಷಧಿ ಇಲ್ಲ.

ಕರುವಿನ ಪಂಚಾಂಗ

ಕೊಡುವವರಿಗೆ ಒಂದು ವರ್ಷದೊಳಗೆ ಫಲ ಕಾಣಬೇಕು. ಮಾರ್ಚ್ 31ಕ್ಕೆ ಅವರ ಲೆಕ್ಕ ಮುಗಿಯುತ್ತದೆ. ಆದರೆ ಕರುವಿಗೆ ಮಾರ್ಚ್ 31 ಗೊತ್ತಿಲ್ಲ. ಇಂದು ಹುಟ್ಟಿದ ಮಿಶ್ರತಳಿ ಹೆಣ್ಣು ಕರು, ಚೆನ್ನಾಗಿ ಸಾಕಿದರೂ, ಬೆದೆಗೆ ಬಂದು, ಕೃತಕ ಗರ್ಭಧಾರಣೆಯಾಗಿ, 280 ದಿನ ಹೊತ್ತು, ಕರು ಹಾಕಿ ಹಾಲು ಕೊಡಲು ಎರಡೂವರೆಯಿಂದ ಮೂರು ವರ್ಷ ಬೇಕು. ಎಮ್ಮೆಗೆ ಇನ್ನೂ ಹೆಚ್ಚು, ಅದರ ಗರ್ಭವೇ 310 ದಿನ.

ಹೈಫರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯೊಂದಿದೆ. 1944ರಲ್ಲಿ ಅಮೆರಿಕದಿಂದ ಪೋರ್ಟೊರಿಕೊ ದ್ವೀಪಕ್ಕೆ 17 ಕಡಸುಗಳನ್ನು ಕಳಿಸಿ ಅದು ಕೆಲಸ ಪ್ರಾರಂಭಿಸಿತು. ಅದರ ನಿಯಮ ಸರಳ: ಕಡಸು ಪಡೆದ ಕುಟುಂಬ ಅದಕ್ಕೆ ಹುಟ್ಟುವ ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಕುಟುಂಬಕ್ಕೆ ಕೊಡಬೇಕು. ಪಡೆದವರೇ ಕೊಡುವವರಾಗುತ್ತಾರೆ. ಒಳ್ಳೆಯ ನಿಯಮ. ಆದರೆ ಆ ಸರಪಳಿ ಒಂದು ಸುತ್ತು ಬರಲು ಮೂರು ನಾಲ್ಕು ವರ್ಷ ಬೇಕು. ಒಂದು ವರ್ಷದ ಹಣದಲ್ಲಿ ಕರು ಆಕಳಾಗುವುದಿಲ್ಲ, ಒಂದು ವರ್ಷದ ಹಣದಲ್ಲಿ ಸಂಘವೂ ಸಂಘವಾಗುವುದಿಲ್ಲ. ಕೊಡುವವರ ಮುಂದೆ ಇದನ್ನು ಹೇಳಲು ತಾವು ಸಂಕೋಚಪಡಬಾರದು.

ಆರ್ಥಿಕ ನ್ಯಾಯ ಎಲ್ಲಿದೆ?

ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಎಂದಿದೆ. ಆರ್ಥಿಕ ನ್ಯಾಯ ಎಂದರೆ ದೊಡ್ಡ ಶಬ್ದ ಎನಿಸುತ್ತದೆ. ಅದನ್ನು ನಮ್ಮ ಹಾಲಿನ ಡೈರಿಯಲ್ಲೇ ನೋಡಬಹುದು. ನೂರು ಎಕರೆ ಗೌಡರ ಹಾಲಿಗೂ, ಒಂದು ಎಮ್ಮೆಯ ಕೂಲಿ ಹೆಣ್ಣುಮಗಳ ಹಾಲಿಗೂ ಒಂದೇ ಯಂತ್ರದಲ್ಲಿ ಜಿಡ್ಡಿನಂಶ ನೋಡುತ್ತೇವೆ. ಯಂತ್ರಕ್ಕೆ ಮುಖ ಪರಿಚಯವಿಲ್ಲ. ಐವತ್ತು ಲೀಟರ್ ಹಾಕುವವರಿಗೂ ಒಂದು ಮತ, ಎರಡು ಲೀಟರ್ ಹಾಕುವವರಿಗೂ ಒಂದು ಮತ.

ಆದರೆ ಇದು ಕಾಗದದ ಮೇಲಿದೆ, ಎಲ್ಲ ಕಡೆ ನೆಲದ ಮೇಲಿಲ್ಲ ಎಂಬುದನ್ನೂ ಒಪ್ಪಬೇಕು. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಕುರಿತು ನಡೆದ ಅಧ್ಯಯನವೊಂದು 2006ರಲ್ಲಿ ಪುಸ್ತಕವಾಗಿ ಬಂತು. ಹಾಲು ಸಂಘಕ್ಕೆ ದಲಿತರು ಹಾಲು ಹಾಕಲು ಅಡ್ಡಿ ಇದ್ದ ಹಳ್ಳಿಗಳು ಅದರಲ್ಲಿ ಕಡಿಮೆಯೇನೂ ಇರಲಿಲ್ಲ. ತಮ್ಮ ತಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಇಂದು ಸಂಜೆ ತೆಗೆದು ನೋಡಿರಿ. ಊರಿನ ಯಾವ ಓಣಿಯ ಹೆಸರುಗಳು ಅದರಲ್ಲಿ ಇಲ್ಲ? ಆ ಓಣಿಯಲ್ಲಿ ಎಮ್ಮೆಗಳಿವೆಯೇ? ಇದ್ದರೆ ಆ ಹಾಲು ಎಲ್ಲಿಗೆ ಹೋಗುತ್ತದೆ, ಯಾವ ದರಕ್ಕೆ ಹೋಗುತ್ತದೆ? ಹೊರಗಿನಿಂದ ಬರುವ ನೆರವಿನ ಮೊದಲ ಹಕ್ಕು ಆ ಓಣಿಗೆ ಸೇರಿದ್ದು. ಮೊದಲೇ ಹತ್ತು ಆಕಳು ಇದ್ದವರ ಮನೆಗೆ ಹನ್ನೊಂದನೆಯದನ್ನು ಕಟ್ಟಿದರೆ ಅದು ನೆರವಾದೀತು, ನ್ಯಾಯವಾಗದು.

ಇಂದಿನ ಹಣ, ಇಂದಿನ ಕಾನೂನು

ಇಂದು ದಾನದ ಹಣ ಮೂರು ದಾರಿಯಿಂದ ಬರುತ್ತದೆ. ಮೂರನ್ನೂ ತಾವು ತಿಳಿದಿರಬೇಕು.

ಒಂದು, ಕಂಪನಿಗಳ ಹಣ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ನಿಗದಿತ ಮಿತಿಗೆ ಬರುವ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ತಾವು ಕೆಲಸ ಮಾಡುವ ಸ್ಥಳದ ಸುತ್ತಮುತ್ತಲಿನ ಪ್ರದೇಶಕ್ಕೆ ಅವರು ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಶಕ್ತಿನಗರದ ಚಿಮಣಿಗಳನ್ನು ನೋಡುತ್ತ ಬದುಕುವ ದೇವಸುಗೂರಿನವರಿಗೆ ಈ ಮಾತು ತಿಳಿದಿರುವುದು ಒಳ್ಳೆಯದು. ಆದ್ದರಿಂದ ಕಂಪನಿಯವರು ಬಂದಾಗ ಕೈಮುಗಿಯಿರಿ, ಅದು ನಮ್ಮ ಸಂಸ್ಕಾರ. ಆದರೆ ಕಾನೂನಿನ ಕರ್ತವ್ಯವನ್ನು ಅವರು ನೆರವೇರಿಸುತ್ತಿದ್ದಾರೆ ಎಂಬುದು ನೆನಪಿರಲಿ. ಸಮಸಮವಾಗಿ ಕೂತು ಮಾತನಾಡಿರಿ. ಕಂಪನಿ ಈ ಕೆಲಸವನ್ನು ಸಂಸ್ಥೆಯೊಂದರ ಮೂಲಕ ಮಾಡಿಸುವುದಾದರೆ ಆ ಸಂಸ್ಥೆಗೆ ನೋಂದಣಿ, ತೆರಿಗೆ ಇಲಾಖೆಯ ಮಾನ್ಯತೆ ಇರಬೇಕು. 2021ರ ಏಪ್ರಿಲ್‌ನಿಂದ ಸರ್ಕಾರದಲ್ಲಿ ಪ್ರತ್ಯೇಕ ನೋಂದಣಿಯೂ ಬೇಕು. ಸಾಮಾನ್ಯವಾಗಿ ನಮ್ಮ ಹಳ್ಳಿ ಸಂಘಗಳಿಗೆ ಇವು ಇರುವುದಿಲ್ಲ. ಹಾಗಾಗಿ ನಡುವೆ ಒಂದು ಸಂಸ್ಥೆ ಬರುತ್ತದೆ. ಆ ನಡುವಿನವರು ಯಾರು ಎಂದು ವಿಚಾರಿಸಿರಿ.

ಎರಡು, ದೊಡ್ಡ ದತ್ತಿಗಳು. ಅಜೀಂ ಪ್ರೇಮ್‌ಜಿ ಅವರು 2019ರ ಮಾರ್ಚ್‌ನಲ್ಲಿ ವಿಪ್ರೋ ಕಂಪನಿಯ ಮತ್ತೆ ಶೇಕಡ 34ರಷ್ಟು ಷೇರುಗಳ ಆದಾಯವನ್ನು ತಮ್ಮ ಪ್ರತಿಷ್ಠಾನಕ್ಕೆ ಮೀಸಲಿಟ್ಟರು. ಅಲ್ಲಿಗೆ ಆ ದತ್ತಿಯ ಮೊತ್ತ ಸುಮಾರು 1.45 ಲಕ್ಷ ಕೋಟಿ ರೂಪಾಯಿಗಳಾಯಿತು. ಹಿಂದುಳಿದವರ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೆ ಆ ಪ್ರತಿಷ್ಠಾನ ಅನುದಾನವನ್ನೂ ಕೊಡುತ್ತದೆ. ಇಂತಹ ಹಣ ಕೇಳಬೇಕಾದರೆ ಲೆಕ್ಕ ಅಚ್ಚುಕಟ್ಟಾಗಿರಬೇಕು.

ಮೂರು, ವಿದೇಶದ ಹಣ. ಹಿಂದೆ ದೊಡ್ಡ ಸಂಸ್ಥೆಯೊಂದು ಹೊರದೇಶದಿಂದ ಹಣ ತಂದು ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿಯಾಯಿತು. ಅಂದಿನಿಂದ ಹೀಗೆ ಒಬ್ಬರು ಪಡೆದು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇಕಡ 50ರಿಂದ 20ಕ್ಕೆ ಇಳಿಯಿತು. ಇದರ ಪರಿಣಾಮ ಹೆಚ್ಚಾಗಿ ತಟ್ಟಿದ್ದು ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ. ಯಾರಾದರೂ ವಿದೇಶದ ಹಣ ನಿಮ್ಮ ಸಂಘದ ಖಾತೆಗೆ ಹಾಕಿಸುತ್ತೇವೆ ಎಂದರೆ ಸಹಿ ಮಾಡುವ ಮೊದಲು ಒಕ್ಕೂಟದ ಕಚೇರಿಯಲ್ಲಿ ಕೇಳಿರಿ.

ಸಹಿಗೆ ಮೊದಲು ಆರು ಪ್ರಶ್ನೆ

1. ಇದು ಬೇಕೆಂದು ನಾವು ಕೇಳಿದ್ದೆವೋ, ಅವರಾಗಿ ತಂದರೋ? ಅವರು ತಂದದ್ದಾದರೆ ನಮ್ಮ ಸಭೆಯಲ್ಲಿ ಚರ್ಚಿಸಲು ಒಂದು ತಿಂಗಳು ಕಾಲ ಕೊಡುತ್ತಾರೋ?

2. ಫಲಾನುಭವಿಗಳ ಪಟ್ಟಿ ಮಾಡುವವರು ಯಾರು? ಸದಸ್ಯರ ಸಭೆಯಲ್ಲಿ, ಎಲ್ಲರೆದುರು, ನಡಾವಳಿ ಪುಸ್ತಕದಲ್ಲಿ ಬರೆದು ಮಾಡಬೇಕು.

3. ಮೇವು, ನೀರು, ನೆರಳು, ವಿಮೆ ಇವುಗಳ ಲೆಕ್ಕ ಮೊದಲೇ ಆಗಿದೆಯೋ? ಆಕಳು ಆಮೇಲೆ.

4. ಹಣ ಎಷ್ಟು ವರ್ಷ ಬರುತ್ತದೆ? ಮೂರು ವರ್ಷಕ್ಕೆ ಕಡಿಮೆಯಾದರೆ ಪಶುಗಳ ಯೋಜನೆ ಬೇಡ, ಬೇರೆ ಕೇಳಿರಿ.

5. ತರಬೇತಿಗೆ, ಲೆಕ್ಕ ಬರೆಯುವವರಿಗೆ, ಓಡಾಟಕ್ಕೆ ಅದರಲ್ಲಿ ಪಾಲಿದೆಯೋ?

6. ಅವರು ಹೋದ ಮರುದಿನ ನಾವು ಏನು ಮಾಡುತ್ತೇವೆ?

ಇವಕ್ಕೆ ಉತ್ತರ ಸಿಕ್ಕರೆ ಸಂತೋಷದಿಂದ ಸಹಿ ಮಾಡಿರಿ. ಸಿಗದಿದ್ದರೆ ಸಮಾಧಾನದಿಂದ ಬೇಡ ಎನ್ನಿರಿ. ಹಾಗೆಯೇ ಪಡೆದ ಮೇಲೆ ಪ್ರತಿ ರೂಪಾಯಿಯ ಲೆಕ್ಕವನ್ನು ಸಂಘದ ಫಲಕದ ಮೇಲೆ ಬರೆದು ಹಾಕಿರಿ. ಕೊಟ್ಟವರು ಕೇಳುತ್ತಾರೆ ಎಂದಲ್ಲ, ಸದಸ್ಯರು ನೋಡಬೇಕು ಎಂದು. ಲೆಕ್ಕ ತೋರಿಸದ ಸಂಘಕ್ಕೆ ಪ್ರಶ್ನೆ ಕೇಳುವ ನೈತಿಕ ಹಕ್ಕಿಲ್ಲ.

ನಾವೂ ಕೊಡೋಣ

ಬೇಡ ಎನ್ನುವುದನ್ನು ನಮ್ಮ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿದಳಂತೆ. ಬಡತನವಿದ್ದರೂ ತನಗೆ ಎಷ್ಟು ಬೇಕೆಂದು ಅವಳಿಗೆ ಗೊತ್ತಿತ್ತು.

ಇನ್ನೊಂದು ಕಥೆಯೊಂದಿಗೆ ಮುಗಿಸುತ್ತೇನೆ. ತ್ರಿಭುವನದಾಸ ಪಟೇಲರು ಖೇಡಾ ಸಂಘದಿಂದ ನಿವೃತ್ತರಾದಾಗ ಅಲ್ಲಿನ ಹಾಲು ಉತ್ಪಾದಕರು ತಲೆಗೆ ಒಂದೊಂದು ರೂಪಾಯಿಯಂತೆ ಕೂಡಿಸಿ ಸುಮಾರು ಆರು ಲಕ್ಷ ರೂಪಾಯಿಗಳ ನಿಧಿ ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯಲಿಲ್ಲ. ಹಳ್ಳಿಯ ತಾಯಿ ಮಕ್ಕಳ ಆರೋಗ್ಯಕ್ಕೆಂದು ದತ್ತಿ ಸಂಸ್ಥೆ ಕಟ್ಟಿದರು. ಹಾಲು ಮಾರುವವರೇ ದಾನಿಗಳಾದರು.

ನಮ್ಮಲ್ಲೂ ಅದು ಸಾಧ್ಯ. ಪ್ರತಿ ಬಟವಾಡೆಯಲ್ಲಿ ಸದಸ್ಯರು ಒಪ್ಪಿ ಒಂದೊಂದು ರೂಪಾಯಿ ಬಿಟ್ಟರೆ, ತಿಂಗಳಿಗೆ ಎರಡು ಬಟವಾಡೆಯಂತೆ ನೂರು ಸದಸ್ಯರ ಸಂಘದಲ್ಲಿ ವರ್ಷಕ್ಕೆ 2,400 ರೂಪಾಯಿ. ಸಣ್ಣ ಹಣ ನಿಜ. ಆದರೆ ಊರಿನ ಒಬ್ಬ ಹೊಲವಿಲ್ಲದ ಹೆಣ್ಣುಮಗಳ ಷೇರು ಹಣಕ್ಕೆ, ಎಮ್ಮೆಯ ವಿಮೆಗೆ ಅದು ಆಧಾರ. ಹೊರಗಿನವರು ಬಂದಾಗ ಇದು ನಮ್ಮ ಪಾಲು, ಇದರ ಮೇಲೆ ನಿಮ್ಮದು ಎಷ್ಟು ಎಂದು ಕೇಳುವ ಬಲವೂ ಅದರಿಂದ ಬರುತ್ತದೆ.

ನನ್ನನ್ನು ಪ್ರಶ್ನೆ ಕೇಳಿದ ಆ ತಾಯಿ ಏನು ಮಾಡಿದರು ಎಂದು ತಮಗೆ ಕುತೂಹಲವಿರಬಹುದು. ಅವರು ಸಭೆ ಕರೆದರು. ಎರಡು ಸಂಜೆ ಚರ್ಚೆ ಆಯಿತು. ಇಪ್ಪತ್ತು ಆಕಳು ಈಗ ಬೇಡ. ಮೊದಲು ನೀರಿನ ತೊಟ್ಟಿ, ಮೇವು ಕತ್ತರಿಸುವ ಯಂತ್ರ, ಲೆಕ್ಕ ಬರೆಯುವ ಹುಡುಗಿಗೆ ಎರಡು ವರ್ಷದ ತರಬೇತಿ ಮತ್ತು ಸಂಬಳ ಕೊಡಿರಿ. ಮೂರನೆಯ ವರ್ಷ ಐದು ಎಮ್ಮೆ, ಅದೂ ನಮ್ಮ ಪಟ್ಟಿಯಂತೆ, ಎಂದು ಬರೆದು ಕೊಟ್ಟರು. ಕಂಪನಿಯಿಂದ ಉತ್ತರ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು. ಮೊನ್ನೆ ಹೋದಾಗ, "ಬೇಜಾರಾತೇನವ್ವಾ?" ಎಂದು ಕೇಳಿದೆ.

"ಬೇಜಾರ ಯಾಕ್ರಿ? ಆಕಳ ಬರದಿದ್ರ ಬರವಲ್ದು. ಸೋಮವಾರದ ಮೀಟಿಂಗಿಗೆ ಎಲ್ಲಾರೂ ಬರಾಕತ್ಯಾರ" ಎಂದರು.

ಆ ಸೋಮವಾರದ ಸಭೆಯೇ ಗಡಿಗೆಯ ಹಾಲು. ಅದನ್ನು ಕಾಯ್ದುಕೊಳ್ಳಿರಿ, ಹೆಪ್ಪು ಇಂದಲ್ಲ ನಾಳೆ ಸಿಗುತ್ತದೆ. ತಮ್ಮ ಸಂಘಕ್ಕೆ ಇಂತಹ ಕಾಗದ ಬಂದರೆ ವಿಸ್ತರಣಾ ಸಿಬ್ಬಂದಿಯನ್ನು ಕರೆಯಿರಿ. ಆಕಳನ್ನೂ ನೋಡುತ್ತೇವೆ, ಕಾಗದವನ್ನೂ ನೋಡುತ್ತೇವೆ.